‘ಗಡಗಡ’ ಅರ್ಥವಿಲ್ಲದ ಶಬ್ದವೇ?

ನಮ್ಮ ಶಾಲೆಗಳಲ್ಲಿ ಬಳಕೆಯಲ್ಲಿರುವ ಕನ್ನಡ ವ್ಯಾಕರಣಗಳ ಅವ್ಯಯ ಪ್ರಕರಣವನ್ನು ಒಮ್ಮೆ ತೆರೆದು ನೋಡಿರಿ. ‘ಅನುಕರಣಾವ್ಯಯ’ ಎಂಬ ತಲೆಬರಹದ ಕೆಳಗೆ, ಅರ್ಥವಿಲ್ಲದ ಧ್ವನಿಗಳನ್ನು ಕೇಳಿದಂತೆಯೇ ಅನುಕರಿಸಿ ಹೇಳುವ ಶಬ್ದಗಳಿವು ಎಂಬ ಅಭಿಪ್ರಾಯದ ಲಕ್ಷಣವೊಂದು ಸಾಮಾನ್ಯವಾಗಿ ದೊರೆಯುತ್ತದೆ. ಅದರ ಹಿಂದೆಯೇ ಚಟಚಟ, ಪಟಪಟ, ದಬದಬ ಎಂದು ನಾಲ್ಕಾರು ಉದಾಹರಣೆಗಳು ಬರುತ್ತವೆ. ಅಲ್ಲಿಗೆ ಪಾಠ ಮುಗಿಯಿತು. ವಿದ್ಯಾರ್ಥಿಯು ಆ ಲಕ್ಷಣವನ್ನು ಬಾಯಿಪಾಠ ಮಾಡಿ, ಒಂದು ಅಂಕವನ್ನು ಗಳಿಸಿ, ಈ ಶಬ್ದಗಳನ್ನು ಜೀವಮಾನವಿಡೀ ಮಕ್ಕಳ ಆಟಿಕೆಗಳೆಂದೇ ಎಣಿಸಿಬಿಡುತ್ತಾನೆ.

ಈ ಎಣಿಕೆಯು ತಪ್ಪೆಂದೂ, ಅದರಿಂದ ನಮ್ಮ ಭಾಷೆಗೆ, ವಿಶೇಷವಾಗಿ ಗಡಿಯಾಚೆ ಕನ್ನಡ ಕಲಿಯುತ್ತಿರುವ ಮಕ್ಕಳಿಗೆ, ದೊಡ್ಡ ನಷ್ಟವಾಗುತ್ತಿದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ. ವಾದವು ಗಾಳಿಯಲ್ಲಿ ತೇಲಬಾರದೆಂದು ಒಂದೇ ಒಂದು ಶಬ್ದವನ್ನು ಕೈಗೆತ್ತಿಕೊಳ್ಳೋಣ. ಅದು ‘ಗಡಗಡ’; ಅಲುಗಾಟದ ಸದ್ದಿಗೆ ನಾವು ದಿನನಿತ್ಯ ಬಳಸುವ ಮಾತು.

ಕಲ್ಲುದಾರಿಯಲ್ಲಿ ಬಂಡಿ ಗಡಗಡ ಸಾಗುತ್ತದೆ. ಇಲ್ಲಿ ಸದ್ದೂ ಇದೆ, ಅಲುಗಾಟವೂ ಇದೆ. ಮೋಡ ಗಡಗಡ ಎನ್ನುತ್ತದೆ. ಇಲ್ಲಿ ಸದ್ದು ಮಾತ್ರವಿದೆ, ಅಲುಗುವ ವಸ್ತು ಕಣ್ಣಿಗೆ ಕಾಣದು. ಮಾಗಿಯ ಚಳಿಯಲ್ಲಿ ಮುದುಕಿಯೊಬ್ಬಳು ಗಡಗಡ ನಡುಗುತ್ತಾಳೆ. ಇಲ್ಲಿ ಅಲುಗಾಟವಿದೆ, ಸದ್ದೇ ಇಲ್ಲ! ಸಾಲಗಾರನು ಊರ ಸಾಹುಕಾರನ ಹೆಸರು ಕೇಳಿದೊಡನೆ ಗಡಗಡ ನಡುಗಿದನೆಂದರೆ, ಅಲ್ಲಿ ಮೈ ಅಲುಗದೆಯೂ ಇರಬಹುದು. ಅಲುಗಿದ್ದು ಅವನ ಧೈರ್ಯ. ಬಾವಿಯ ರಾಟೆಗೆ ಉತ್ತರದ ಕಡೆ ‘ಗಡಗಡೆ’ ಎಂಬ ಹೆಸರುಂಟು. ಅಲ್ಲಿ ಸದ್ದೇ ವಸ್ತುವಿನ ನಾಮಧೇಯವಾಗಿದೆ. ಅದೇ ಶಬ್ದದ ಸ್ವರವನ್ನು ಕೊಂಚ ಬದಲಿಸಿದರೆ ಆಕಾಶದ ‘ಗುಡುಗು’ ದೊರೆಯುತ್ತದೆ, ಮುದುಕರು ಸೇದುವ ‘ಗುಡುಗುಡಿ’ ದೊರೆಯುತ್ತದೆ.

ಈಗ ವಿಚಾರ ಮಾಡಿರಿ. ನಡುಗುವ ಮುದುಕಿಯ ಮೈಯಿಂದ ಯಾವ ಧ್ವನಿ ಹೊರಟಿತು? ಯಾವುದನ್ನು ಕೇಳಿ ನಾವು ಅನುಕರಿಸಿದೆವು? ಹೀಗೆಯೇ ಬೆಳ್ಳಿಯ ತಂಬಿಗೆ ಥಳಥಳ ಹೊಳೆಯುತ್ತದೆ, ದೂರದ ದೀಪ ಮಿಣಮಿಣ ಎನ್ನುತ್ತದೆ, ಮಲ್ಲಿಗೆ ಘಮಘಮಿಸುತ್ತದೆ, ಸುಟ್ಟ ಗಾಯ ಚುರುಚುರು ಎನ್ನುತ್ತದೆ, ಬಹಳ ಹೊತ್ತು ಮಡಚಿದ ಕಾಲು ಜುಮುಜುಮು ಎನ್ನುತ್ತದೆ. ಹೊಳಪಿಗೆ ಧ್ವನಿಯುಂಟೇ? ಪರಿಮಳಕ್ಕೆ ಧ್ವನಿಯುಂಟೇ? ಆದಕಾರಣ ಧ್ವನಿಯ ಅನುಕರಣವೆಂಬ ಮಾತೇ ಈ ಶಬ್ದಗಳಿಗೆ ಪೂರ್ತಿಯಾಗಿ ಹೊಂದದು. ಕಣ್ಣು, ಮೂಗು, ಚರ್ಮ, ಮನಸ್ಸು, ಇವೆಲ್ಲವುಗಳ ಅನುಭವವನ್ನು ಕನ್ನಡಿಗನು ಕಿವಿಯ ಮೂಲಕ ಹೇಳುವ ಒಂದು ಕ್ರಮವನ್ನು ಕಂಡುಕೊಂಡಿದ್ದಾನೆ. ಇಷ್ಟು ಸೂಕ್ಷ್ಮವಾದ ಕ್ರಮವೊಂದನ್ನು ‘ಅರ್ಥವಿಲ್ಲದ’ ಎಂಬ ವಿಶೇಷಣದ ನೆರಳಿನಲ್ಲಿ ಮಕ್ಕಳಿಗೆ ಪರಿಚಯಿಸುವುದು ನ್ಯಾಯವೇ?

ವ್ಯಾಕರಣಕಾರರ ಪರವಾಗಿ ಒಂದು ಸಮಾಧಾನವನ್ನು ಹೇಳಬಹುದು. ಅರ್ಥವಿಲ್ಲದ್ದು ಪ್ರಕೃತಿಯಲ್ಲಿ ಕೇಳಿಬರುವ ಧ್ವನಿ, ಅದನ್ನು ಅನುಕರಿಸುವ ಶಬ್ದವಲ್ಲ ಎಂಬುದೇ ಆ ಸಮಾಧಾನ. ಒಪ್ಪಿದೆವು. ಆದರೆ ಹನ್ನೆರಡು ವರ್ಷದ ಹುಡುಗನು ಆ ಸೂಕ್ಷ್ಮವನ್ನು ಹೇಗೆ ಗ್ರಹಿಸಬೇಕು? ಅವನ ತಲೆಯಲ್ಲಿ ಉಳಿಯುವುದು ‘ಅರ್ಥವಿಲ್ಲದ’ ಎಂಬ ಮೊದಲನೆಯ ಮಾತೇ. ಈ ವಿಷಯದಲ್ಲಿ ಪ್ರಾಚೀನರು ನಮಗಿಂತ ಹೆಚ್ಚು ಎಚ್ಚರದಿಂದಿದ್ದರು. ಪಾಣಿನಿಯು ತನ್ನ ಸೂತ್ರದಲ್ಲಿ ಇಂಥವನ್ನು ‘ಅವ್ಯಕ್ತಾನುಕರಣ’ವೆಂದು ಕರೆದಿದ್ದಾನೆ. ಯಾವ ಧ್ವನಿಯಲ್ಲಿ ವರ್ಣಗಳು ಬೇರೆಬೇರೆಯಾಗಿ ತೋರುವುದಿಲ್ಲವೋ ಅದು ಅವ್ಯಕ್ತ. ಅವ್ಯಕ್ತವೆಂದರೆ ಅಸ್ಪಷ್ಟವೆಂದಾಯಿತೇ ಹೊರತು ಅರ್ಥಶೂನ್ಯವೆಂದಾಗಲಿಲ್ಲ. 13ನೆಯ ಶತಮಾನದ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. 1894ರಲ್ಲಿ ಮಂಗಳೂರಿನಿಂದ ಹೊರಬಂದ ತಮ್ಮ ನಿಘಂಟಿನಲ್ಲಿ ಕಿಟ್ಟೆಲ್ಲರು ಇಂಥ ಶಬ್ದಗಳನ್ನು ಕ್ಷುದ್ರವೆಂದು ತಳ್ಳಿಹಾಕಲಿಲ್ಲ. ಬೇರೆ ಶಬ್ದಗಳಂತೆಯೇ ಇವುಗಳಿಗೂ ಅರ್ಥವನ್ನು ಬರೆದಿಟ್ಟರು. ಪರದೇಶದಿಂದ ಬಂದವರು ಕೊಟ್ಟ ಮರ್ಯಾದೆಯನ್ನು ನಾವು ನಮ್ಮ ತರಗತಿಯಲ್ಲಿ ಕೊಡಲಾರೆವೇ?

ಈ ಅನಾದರದ ಪರಿಣಾಮವು ಪ್ರಬಂಧದ ಪುಸ್ತಕದಲ್ಲಿ ಕಾಣುತ್ತದೆ. ‘ಮುದುಕಿ ಚಳಿಗೆ ಗಡಗಡ ನಡುಗುತ್ತಿದ್ದಳು’ ಎಂದು ಬಾಲಕನೊಬ್ಬ ಬರೆದರೆ, ಕೆಂಪು ಮಸಿಯು ಬಂದು ಅದನ್ನು ‘ವೃದ್ಧೆಯು ಶೀತದಿಂದ ಕಂಪಿಸುತ್ತಿದ್ದಳು’ ಎಂದು ತಿದ್ದುತ್ತದೆ. ತಿದ್ದಿದ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ, ನಿಜ. ಆದರೆ ಚಳಿಯೂ ಇಲ್ಲ! ಬಾಲಕನು ಕಂಡದ್ದನ್ನು ಬರೆದಿದ್ದನು. ನಾವು ಅವನಿಗೆ ಕಾಣದುದನ್ನು ಬರೆಯಲು ಕಲಿಸಿದೆವು. ಮುಂದಿನ ಸಲ ಅವನು ಮುದುಕಿಯನ್ನು ನೋಡುವುದನ್ನೇ ಬಿಟ್ಟು, ಮಾದರಿ ಪ್ರಬಂಧಗಳ ಪುಸ್ತಕವನ್ನು ನೋಡುತ್ತಾನೆ. ಅನಂತರ ನಮ್ಮ ಮಕ್ಕಳಿಗೆ ಸ್ವಂತ ವಾಕ್ಯ ಬರೆಯಲು ಬಾರದೆಂದು ನಾವೇ ಗೊಣಗುತ್ತೇವೆ.

ಇನ್ನೊಂದು ವಿಪರ್ಯಾಸವನ್ನು ಗಮನಿಸಿರಿ. ಕನ್ನಡದ ಗಂಟೆ ಮುಗಿದು ಇಂಗ್ಲಿಷಿನ ಗಂಟೆ ಬಾರಿಸಿದಾಗ ಅದೇ ಬಾಲಕನಿಗೆ ‘ರ‍್ಯಾಟಲ್’ ಎಂಬ ಪದ ಎದುರಾಗುತ್ತದೆ. ಆ ಪದಕ್ಕೆ ಅರ್ಥಗಳು ಹಲವು: ಮಗುವಿನ ಆಟಿಕೆ, ಸಡಿಲವಾದ ವಸ್ತು ಅಲುಗುವ ಸದ್ದು, ಅಮೇರಿಕದ ಒಂದು ವಿಷಸರ್ಪದ ಬಾಲದ ತುದಿ, ಸಾಯುವವನ ಗಂಟಲಿನ ಸದ್ದು, ತಡೆಯಿಲ್ಲದೆ ಒಪ್ಪಿಸುವುದು, ಎದುರಾಳಿಯ ಧೃತಿಗೆಡಿಸುವುದು. ಈ ಅರ್ಥಗಳನ್ನೆಲ್ಲ ಅವನು ಗೌರವದಿಂದ ಬರೆದುಕೊಳ್ಳುತ್ತಾನೆ. ಅದೂ ಧ್ವನಿಯ ಅನುಕರಣದಿಂದಲೇ ಬಂದ ಪದವೆಂದು ಯಾರೂ ಅದನ್ನು ಹೀಗಳೆಯುವುದಿಲ್ಲ. ಅದಕ್ಕೆ ಅನೇಕ ಅರ್ಥಗಳಿದ್ದರೆ ಅದು ಆ ಭಾಷೆಯ ಸಂಪತ್ತು. ನಮ್ಮ ‘ಗಡಗಡ’ಕ್ಕೆ ಅನೇಕ ಅರ್ಥಗಳಿದ್ದರೆ ಅದು ಅರ್ಥವಿಲ್ಲದ ಶಬ್ದ! ಇದೆಂತಹ ತೂಕ?

ಆ ಒಂದು ಇಂಗ್ಲಿಷ್ ಪದದ ಅರ್ಥಗಳನ್ನು ಕನ್ನಡದಲ್ಲಿ ಹೇಳಲು ಹೊರಟರೆ ನಮ್ಮ ಕಣಜದ ಬಾಗಿಲು ತೆರೆಯುತ್ತದೆ. ಮಗುವಿನ ಆಟಿಕೆ ಗಿಲಿಕೆ, ಅದರ ಸದ್ದು ಗಿಲಿಗಿಲಿ. ಬಳೆಗಳ ಸದ್ದು ಗಲಗಲ. ಕೀಲು ಸಡಿಲವಾದ ಬಂಡಿ ಲೊಡಲೊಡ. ಗಾಳಿಗೆ ಹೊಡೆದುಕೊಳ್ಳುವ ಬಾಗಿಲು ದಡದಡ. ಚಳಿಗೆ ಹಲ್ಲು ಕಟಕಟ. ಕಫ ಕಟ್ಟಿದ ಗಂಟಲು ಗೊರಗೊರ. ನಿದ್ದೆಯ ಗೊರಕೆಯೂ ಅದರ ಬಂಧುವೇ. ಬಿಡುವಿಲ್ಲದ ಮಾತು ಪಟಪಟ. ಕೇಳುವವನಿಗೆ ಬೇಸರವಾದರೆ ಅದೇ ಮಾತು ವಟವಟ. ಇಲ್ಲಿ ಮಾತಾಡುವವನು ಒಬ್ಬನೇ, ಮಾತೂ ಒಂದೇ. ಕೇಳುವವನ ಮನೋಧರ್ಮವು ಬದಲಾದೊಡನೆ ಶಬ್ದ ಬದಲಾಯಿತು. ಇದಕ್ಕಿಂತ ಹೆಚ್ಚಿನ ಅರ್ಥವನ್ನು ಒಂದು ಶಬ್ದದಿಂದ ಯಾರು ತಾನೇ ಬೇಡಬಲ್ಲರು? ನಮ್ಮ ಭಾಷೆಯು ಬೇರೆ ಭಾಷೆಗಿಂತ ಮಿಗಿಲೆಂಬ ಜಂಬಕ್ಕಾಗಿ ಈ ಪಟ್ಟಿಯನ್ನು ಕೊಡಲಿಲ್ಲ. ಮನೆಯಲ್ಲಿರುವ ಧಾನ್ಯವನ್ನು ಮರೆತು ಉಪವಾಸ ಬೀಳಬಾರದೆಂದು ಕೊಟ್ಟೆವು.

ಈ ಶಬ್ದಗಳು ಮನಬಂದಂತೆ ಹುಟ್ಟಿದವೂ ಅಲ್ಲ. ಸ್ವರಗಳನ್ನು ಪರಿಶೀಲಿಸಿರಿ. ಗಡಗಡ ಎಂಬಲ್ಲಿಯ ಅಕಾರವು ಬಯಲಿನಲ್ಲಿ ಹರಡುವ ಸದ್ದು. ಗುಡುಗುಡು ಎಂಬಲ್ಲಿಯ ಉಕಾರವು ಒಳಗಿನಿಂದ, ಆಳದಿಂದ ಬರುವ ಸದ್ದು. ಗಲಗಲವು ದೊಡ್ಡದು, ಗಿಲಿಗಿಲಿಯು ಚಿಕ್ಕದು. ಕಟಕಟ ಎಂದು ಹಲ್ಲು ಕಡಿಯುವವನು ಸಿಟ್ಟಿನ ದೊಡ್ಡವನು; ಕುಟುಕುಟು ಎಂದು ಕಡಲೆ ತಿನ್ನುವುದು ಅಳಿಲು; ಕಿಟಿಕಿಟಿ ಎಂಬುದು ಪೀಡಿಸುವ ಸಣ್ಣ ರಗಳೆ. ಅಕಾರಕ್ಕೆ ವಿಸ್ತಾರ, ಇಕಾರಕ್ಕೆ ಸೂಕ್ಷ್ಮತೆ, ಉಕಾರಕ್ಕೆ ಆಳ ಅಥವಾ ಮರೆ ಎಂಬ ಒಂದು ಒಲವು ಇಲ್ಲಿ ಸ್ಪಷ್ಟವಾಗಿದೆ. ಎಲ್ಲೆಡೆಯೂ ತಪ್ಪದ ನಿಯಮವೆಂದು ಹೇಳಲಾಗದು, ಆದರೆ ಮಕ್ಕಳು ತಾವೇ ಉದಾಹರಣೆಗಳನ್ನು ಹುಡುಕಿ ಪರೀಕ್ಷಿಸಬಹುದಾದ ಒಲವು. ಈ ಶಬ್ದಗಳಿಗೆ ‘ಇಸು’ ಸೇರಿ ಥಳಥಳಿಸು, ಘಮಘಮಿಸು ಎಂಬ ಕ್ರಿಯಾಪದಗಳಾಗುತ್ತವೆ. ‘ಗುಟ್ಟು’ ಸೇರಿ ಪಿಸುಗುಟ್ಟು, ಚುರುಗುಟ್ಟು, ವಟಗುಟ್ಟು ಎಂದಾಗುತ್ತವೆ. ಅರ್ಥವಿಲ್ಲದ ಬೀಜದಿಂದ ಇಷ್ಟು ಗಿಡಗಳು ಹುಟ್ಟುವುದು ಸಾಧ್ಯವೇ?

ಇನ್ನು ಆಕ್ಷೇಪಗಳಿಗೆ ಬರೋಣ.

ಇವು ಗ್ರಾಮ್ಯ, ಶಿಷ್ಟ ಬರವಣಿಗೆಗೆ ಸಲ್ಲವು ಎಂಬುದು ಮೊದಲನೆಯ ಆಕ್ಷೇಪ. ಹಾಗಾದರೆ ‘ಗದ್ಗದ ಕಂಠ’ವೆಂದು ಬರೆದಾಗ ಕೆಂಪು ಮಸಿ ಏಕೆ ಸುಮ್ಮನಿರುತ್ತದೆ? ಗದ್ಗದವೆಂಬುದು ಬಿಕ್ಕುವ ಕೊರಳಿನ ಸದ್ದನ್ನೇ ಇಮ್ಮಡಿಸಿ ಮಾಡಿದ ರೂಪವಲ್ಲವೇ? ತರಗೆಲೆಯ ‘ಮರ್ಮರ’ವನ್ನು ಸಂಸ್ಕೃತ ಕವಿಗಳು ಕಾವ್ಯದಲ್ಲಿ ಆದರದಿಂದ ಕುಳ್ಳಿರಿಸಿದರಲ್ಲವೇ? ಅಷ್ಟು ದೂರ ಹೋಗುವುದೂ ಬೇಡ. ಸಭೆಗಳಲ್ಲಿ ಭಾಷಣಕಾರರು ಅಡಿಗಡಿಗೆ ಬಳಸುವ ‘ಕಳಕಳಿ’ ಎಂಬ ಮಾತನ್ನು ನೋಡಿರಿ. ಮನಸ್ಸು ಕಳಕಳ ಎನ್ನುವುದರಿಂದ ಬಂದ ಮಾತದು. ನೆರೆಯ ಮರಾಠಿಯಲ್ಲಿ ‘ಕಳಕಳ’ ಎಂಬ ರೂಪದಲ್ಲಿಯೇ ಅದೇ ಅರ್ಥವಿದೆ. ಕಳಕಳಿಯು ವೇದಿಕೆಯೇರಿ ಹಾರ ಹಾಕಿಸಿಕೊಳ್ಳುವಾಗ ಅದರ ಒಡಹುಟ್ಟಿದ ಗಡಗಡವು ತರಗತಿಯ ಹೊರಗೆ ನಿಲ್ಲಬೇಕೇ?

ಎರಡನೆಯ ಆಕ್ಷೇಪವು ಗಾದೆಯ ರೂಪದಲ್ಲಿ ಬರುತ್ತದೆ: ತುಂಬಿದ ಕೊಡ ತುಳುಕುವುದಿಲ್ಲ, ಸದ್ದು ಮಾಡುವುದೆಲ್ಲ ಟೊಳ್ಳು. ಈ ಗಾದೆಯನ್ನು ಒಪ್ಪಿಕೊಂಡೇ ಉತ್ತರ ಹೇಳೋಣ. ಕೊಡ ತುಂಬಿದೆಯೋ ಇಲ್ಲವೋ ಎಂಬುದನ್ನು ತಿಳಿಸುವುದೂ ಸದ್ದೇ ತಾನೇ? ರೈತನಿಗೆ ಅಲುಗಾಟದ ಸದ್ದು ಒಂದು ತಕ್ಕಡಿ. ರಾಯದುರ್ಗ, ಮಡಕಶಿರಾ ಕಡೆಯ ರೈತನು ಒಣಹಾಕಿದ ನೆಲಗಡಲೆಯನ್ನು ಕೈಯಲ್ಲಿ ಹಿಡಿದು ಕಿವಿಯ ಬಳಿ ಅಲುಗಿಸುತ್ತಾನೆ. ಸಿಪ್ಪೆಯೊಳಗೆ ಬೀಜ ಗಲಗಲ ಎಂದರೆ ಚೆನ್ನಾಗಿ ಒಣಗಿತು. ಸದ್ದಿಲ್ಲದಿದ್ದರೆ ಇನ್ನೂ ಹಸಿ, ಹಾಗೆಯೇ ಚೀಲ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಕಾಸರಗೋಡಿನ ಅಂಗಳದಲ್ಲಿ ಸುಮಾರು ನಲವತ್ತು ದಿನ ಬಿಸಿಲುಂಡ ಅಡಿಕೆಯೂ ಹೀಗೆಯೇ ಸಿಪ್ಪೆಯೊಳಗಿನಿಂದ ತನ್ನ ಸುದ್ದಿ ಹೇಳುತ್ತದೆ. ತೆಂಗಿನಕಾಯಿ ಅಲುಗಿಸಿದಾಗ ನೀರು ಗುಳುಗುಳು ಎಂದರೆ ಕೊಬ್ಬರಿಗೆ ಇನ್ನೂ ಕಾಲವಿದೆ. ಒಳಗಿನ ಗಿಟುಕು ಚಿಪ್ಪನ್ನು ಬಿಟ್ಟು ಗಡಗಡ ಎಂದರೆ ಒಡೆಯಬಹುದು. ಸೊಲ್ಲಾಪುರ, ಜತ್ತ ಕಡೆಯ ಒಕ್ಕಲಿಗನು ಜೋಳದ ಕಾಳನ್ನು ಹಲ್ಲಿಗಿಟ್ಟು ‘ಕಟ್’ ಎಂಬ ಸದ್ದಿಗಾಗಿ ಕಾಯುತ್ತಾನೆ. ಇವರಿಗೆಲ್ಲ ಈ ಸದ್ದುಗಳು ಅರ್ಥವಿಲ್ಲದ ಧ್ವನಿಗಳೇ? ಒಂದು ವರ್ಷದ ದುಡಿಮೆಯ ಫಲವನ್ನು ಅವರು ಈ ಧ್ವನಿಗಳ ಮೇಲೆ ನಂಬಿ ಇಟ್ಟಿದ್ದಾರೆ. ಅವರ ಮಕ್ಕಳೇ ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆಂಬುದನ್ನು ನಾವು ಮರೆಯಬಾರದು.

ಶಾಸ್ತ್ರೀಯ ಬರವಣಿಗೆಗೆ ಇಂಥ ಶಬ್ದಗಳು ಹೊಂದುವುದಿಲ್ಲವೆಂಬುದು ಮೂರನೆಯ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಎಲ್ಲೆಂದರಲ್ಲಿ ಇವನ್ನು ಸುರಿದರೆ ಬರಹವು ಜಾತ್ರೆಯ ಗದ್ದಲವಾದೀತು. ಭೌತಶಾಸ್ತ್ರದ ಪಾಠದಲ್ಲಿ ‘ಕಂಪನ’ವೇ ಸರಿಯಾದ ಪದ. ಆದರೆ ಶಾಸ್ತ್ರವು ಈ ಶಬ್ದಗಳನ್ನು ಎಂದೂ ಮುಟ್ಟಿಲ್ಲವೆನ್ನುವುದು ಸುಳ್ಳು. ಜೀವಿಗಳಿಗೆ ಶಾಸ್ತ್ರೀಯ ನಾಮಕರಣದ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸನು 1753ರಲ್ಲಿ ಒಂದು ಸಸ್ಯಕುಲಕ್ಕೆ ‘ಕ್ರೋಟಲೇರಿಯ’ ಎಂದೂ, 1758ರಲ್ಲಿ ಆ ಅಮೇರಿಕದ ಸರ್ಪಕುಲಕ್ಕೆ ‘ಕ್ರೋಟಲಸ್’ ಎಂದೂ ಹೆಸರಿಟ್ಟನು. ಎರಡಕ್ಕೂ ಮೂಲ, ಕೈಯಲ್ಲಿ ಹಿಡಿದು ಸದ್ದು ಮಾಡುವ ತಾಳದಂಥ ವಾದ್ಯಕ್ಕಿದ್ದ ಗ್ರೀಕ್ ಹೆಸರು. ಸರ್ಪದ ಬಾಲದಲ್ಲಿ ಉಗುರಿನಂಥ ಗಡಸು ವಸ್ತುವಿನ ಉಂಗುರಗಳಿವೆ. ಪೊರೆ ಬಿಟ್ಟಾಗಲೆಲ್ಲ ಒಂದೊಂದು ಉಂಗುರ ಹೆಚ್ಚುತ್ತದೆ, ಬಾಲ ಅಲುಗಿದಾಗ ಅವು ಒಂದಕ್ಕೊಂದು ತಗಲಿ ಸದ್ದಾಗುತ್ತದೆ. ಆ ಸಸ್ಯಗಳ ಒಣಗಿದ ಕಾಯೊಳಗೆ ಬೀಜಗಳು ಅಲುಗಿ ಸದ್ದಾಗುತ್ತದೆ. ನಮ್ಮ ಹಳ್ಳಿಯ ಹುಡುಗರು ಅದೇ ಕಾಯನ್ನು ಅಲುಗಿಸಿ ಆಡುತ್ತ ಆ ಗಿಡವನ್ನು ಗಿಲಿಗಿಚ್ಚಿ ಎಂದೂ ಗಿಜಿಗಿಜಿ ಗಿಡವೆಂದೂ ಕರೆಯುತ್ತಾರೆ. ಹೊಲಕ್ಕೆ ಹಸಿರುಗೊಬ್ಬರವಾಗುವ ಅಪ್ಸೆಣಬೂ ಇದೇ ಕುಲದ್ದು. ಸ್ವೀಡನ್ ದೇಶದ ಪಂಡಿತನೂ ಕನ್ನಡ ಹಳ್ಳಿಯ ದನಗಾಹಿ ಹುಡುಗನೂ ಒಂದೇ ಗುಣವನ್ನು ಹಿಡಿದು ಒಂದೇ ಬಗೆಯ ಹೆಸರನ್ನಿಟ್ಟರು. ಒಬ್ಬನದು ಶಾಸ್ತ್ರವಾಯಿತು, ಇನ್ನೊಬ್ಬನದು ಗ್ರಾಮ್ಯವಾಯಿತು!

ಉಪಾಧ್ಯಾಯ ಬಂಧುಗಳೇ, ಈಗ ನಮ್ಮ ಮುಖ್ಯ ವಿಷಯಕ್ಕೆ ಬಂದೆವು. ಕರ್ನಾಟಕದ ಒಳಗಿನ ಮಗುವಿಗೆ ಶಾಲೆಯು ಈ ಶಬ್ದಗಳನ್ನು ಕಲಿಸದಿದ್ದರೂ ಬೀದಿ ಕಲಿಸುತ್ತದೆ, ಸಂತೆ ಕಲಿಸುತ್ತದೆ. 1956ರ ರಾಜ್ಯಗಳ ಪುನರ್ವಿಂಗಡಣೆಯ ಅನಂತರ ಗಡಿಯಾಚೆ ಉಳಿದ ನಮ್ಮ ಮಕ್ಕಳಿಗೆ ಬೀದಿಯ ಭಾಷೆ ಬೇರೆ, ಕಛೇರಿಯ ಭಾಷೆ ಬೇರೆ. ಅವರ ಕನ್ನಡವು ಮನೆಯ ಒಲೆ ಮತ್ತು ಶಾಲೆಯ ಹಲಗೆ, ಈ ಎರಡರ ನಡುವೆ ಜೀವಿಸುತ್ತದೆ. ಶೀತ, ಭಯ, ಕಂಪನ, ಶಬ್ದ ಎಂಬ ಸಂಸ್ಕೃತ ಪದಗಳನ್ನು ನೆರೆಭಾಷೆಯ ಪುಸ್ತಕವೂ ಅವರಿಗೆ ಒಂದಿಲ್ಲೊಂದು ರೂಪದಲ್ಲಿ ಕಲಿಸಬಲ್ಲದು. ಗಡಗಡ ಮತ್ತು ಥರಥರ, ಲೊಡಲೊಡ ಮತ್ತು ದಡದಡ, ಇವುಗಳ ನಡುವಿನ ಅಂತರವನ್ನು ಕನ್ನಡದ ಬಾಯಿಯೊಂದೇ ಕಲಿಸಬೇಕು. ಅದನ್ನು ಶಾಲೆಯೂ ತಿರಸ್ಕರಿಸಿದರೆ ಉಳಿಯುವುದು ಒಲೆಯೊಂದೇ. ಒಲೆಯ ಮುಂದಿನ ಅಜ್ಜಿಯು ಶಾಶ್ವತಳಲ್ಲ.

‘ಇಂಥ ಶಬ್ದಗಳು ನೆರೆಭಾಷೆಗಳಲ್ಲಿಯೂ ಇವೆಯಲ್ಲ, ನಷ್ಟವೇನು?’ ಎಂದು ಕೇಳುವವರಿರಬಹುದು. ಇವೆ, ನಿಶ್ಚಯವಾಗಿಯೂ ಇವೆ. ನೀಲಗಿರಿಯ ತೋಡ, ಕೋತ ಭಾಷೆಗಳನ್ನು ಅಭ್ಯಾಸ ಮಾಡಿದ ವಿದ್ವಾಂಸ ಎಂ. ಬಿ. ಎಮಿನೋ ಅವರು 1969ರಲ್ಲಿ ಇದೇ ವಿಷಯವಾಗಿ ಪ್ರಬಂಧವೊಂದನ್ನು ಪ್ರಕಟಿಸಿ, ದ್ರಾವಿಡ ಭಾಷೆಗಳೂ ಆರ್ಯ ಭಾಷೆಗಳೂ ಈ ಶಬ್ದಸಂಪತ್ತನ್ನು ಹಂಚಿಕೊಂಡಿರುವುದನ್ನು ತೋರಿಸಿದರು. ಮಗುವಿನ ಗಿಲಿಕೆಯು ತೆಲುಗಿನಲ್ಲಿ ಗಿಲಕ್ಕಾಯ, ತಮಿಳಿನಲ್ಲಿ ಕಿಲುಕಿಲುಪ್ಪೈ, ಮರಾಠಿಯಲ್ಲಿ ಖುಳಖುಳಾ. ಮಲಯಾಳದಲ್ಲಿ ಅಲುಗಿಸಿ ಸದ್ದು ಮಾಡುವುದು ಕಿಲುಕ್ಕುಕ. ಒಂದೇ ಅಂಗಳದಲ್ಲಿ ಆಡಿದ ಮಕ್ಕಳಂತೆ ಇವು ಕಾಣುತ್ತವೆ.

ಆದರೆ ರೂಪವು ಒಂದೇ ಆದರೂ ಅರ್ಥಗಳು ಬೇರೆಬೇರೆ ಹಾದಿ ಹಿಡಿದಿವೆ. ತೆಲುಗಿನಲ್ಲಿ ಗಡಗಡ ನಡುಗುವುದೂ ಉಂಟು, ಗಡಗಡ ಮಾತಾಡುವುದೂ ಉಂಟು. ಎರಡನೆಯದು ತಡವರಿಸದ ಮಾತಿಗೆ ಸಲ್ಲುವ ಪ್ರಶಂಸೆ. ತಮಿಳಿನಲ್ಲಿ ಕಡಕಡ ಎಂದು ಪಾಠ ಒಪ್ಪಿಸುವವನು ಜಾಣ. ನಡುಗಲು ಅಲ್ಲಿ ಕಿಡುಕಿಡು ಎಂಬ ಶಬ್ದವಿದೆ. ಮರಾಠಿಯಲ್ಲಿ ಗಡಗಡಾಟವೆಂದರೆ ಗುಡುಗು, ಗಡಗಡಣೆ ಎಂದರೆ ಉರುಳುವುದೂ ಹೌದು. ಸೊಲ್ಲಾಪುರದ ಪೇಟೆಯಲ್ಲಿ ಭಾವ ಗಡಗಡಿಸಿತೆಂದರೆ ಮರಾಠಿಗನು ಬೆಲೆ ಕುಸಿಯಿತೆಂದು ತಿಳಿಯುತ್ತಾನೆ. ಹೊಸೂರಿನ ಪೇಟೆಯಲ್ಲಿ ಬೆಲೆ ಕಿಡುಕಿಡು ಎಂದಿತೆಂದರೆ ತಮಿಳನು ಬೆಲೆ ಏರಿತೆಂದು ತಿಳಿಯುತ್ತಾನೆ. ಎರಡೂ ಕಡೆಯ ಕನ್ನಡ ಬಾಲಕನಿಗೆ ಮಾತ್ರ ಗಡಗಡ ಎಂದೊಡನೆ ಮೊದಲು ನೆನಪಾಗಬೇಕಾದದ್ದು ನಡುಕ. ಈ ಭೇದಗಳನ್ನು ಬಲ್ಲ ಮಗು ಎರಡು ಭಾಷೆಗಳಲ್ಲಿ ಶ್ರೀಮಂತನಾಗುತ್ತಾನೆ. ಅರಿಯದ ಮಗು ಎರಡರಲ್ಲಿಯೂ ಕಲಬೆರಕೆಯಾಗುತ್ತಾನೆ. ಭೇದವನ್ನು ಬಿಡಿಸಿ ತೋರಿಸಬೇಕಾದವರು ಕನ್ನಡದ ಉಪಾಧ್ಯಾಯರಲ್ಲದೆ ಮತ್ತಾರು?

ಮನೆಮಾತಿನ ಸದ್ದಿನಿಂದ ಕಾವ್ಯವನ್ನು ಕಟ್ಟಬಹುದೆಂಬುದಕ್ಕೆ ಸಾಕ್ಷಿ ಬೇಕಿದ್ದರೆ ಬೇಂದ್ರೆಯವರ ಜೀವಮಾನದ ಕೃಷಿಯೇ ಇದೆ. ಅವರು 1944ರಿಂದ 1956ರವರೆಗೆ ಕನ್ನಡ ಅಧ್ಯಾಪಕರಾಗಿದ್ದದ್ದು ಸೊಲ್ಲಾಪುರದಲ್ಲಿ ಎಂಬುದನ್ನು ಗಡಿನಾಡಿನ ನಾವು ನೆನೆಯಬೇಕು. ಶಬ್ದದ ನಾದವನ್ನೇ ಅರ್ಥವನ್ನಾಗಿಸಿದ ಆ ಕವಿಯ ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿಯೂ ಬಂದಿತು. ಕವಿಗೆ ಸಲ್ಲುವ ಸ್ವಾತಂತ್ರ್ಯವು ವಿದ್ಯಾರ್ಥಿಗೆ ಸಲ್ಲದೆಂದರೆ, ನಾಳಿನ ಕವಿಯು ಎಲ್ಲಿಂದ ಬರಬೇಕು?

ಆದಕಾರಣ ಕೆಲವು ಸೂಚನೆಗಳನ್ನು ಮುಂದಿಡುತ್ತೇವೆ. ಅನುಕರಣಾವ್ಯಯದ ಲಕ್ಷಣವನ್ನು ಪಾಠ ಹೇಳುವಾಗ ‘ಅರ್ಥವಿಲ್ಲದ’ ಎಂಬಲ್ಲಿ ಒಂದು ಕ್ಷಣ ನಿಂತು, ನಡುಗುವ ಮುದುಕಿಯ ಉದಾಹರಣೆಯನ್ನು ಕೊಟ್ಟು, ಮಕ್ಕಳೇ ಚರ್ಚಿಸುವಂತೆ ಮಾಡಬೇಕು. ಪ್ರಬಂಧ ತಿದ್ದುವಾಗ ಇಂಥ ಶಬ್ದವು ಸ್ಥಾನಕ್ಕೆ ತಕ್ಕದ್ದೇ ಎಂಬುದನ್ನು ಮಾತ್ರ ನೋಡಬೇಕು. ತಕ್ಕದ್ದಾಗಿದ್ದರೆ ಕೆಂಪು ಮಸಿಯು ಅದನ್ನು ಮುಟ್ಟಬಾರದು. ತರಗತಿಗೊಂದು ಪುಸ್ತಕವನ್ನಿಟ್ಟು, ಪ್ರತಿ ಶನಿವಾರ ಮಕ್ಕಳು ಮನೆಯಲ್ಲಿ ಕೇಳಿದ ಐದು ಶಬ್ದಗಳನ್ನು, ಯಾರು ಯಾವ ಸಂದರ್ಭದಲ್ಲಿ ಆಡಿದರೆಂಬುದರ ಸಹಿತ ಬರೆಯಲಿ. ಪಕ್ಕದ ಅಂಕಣದಲ್ಲಿ ನೆರೆಭಾಷೆಯ ಶಬ್ದವನ್ನೂ ಅದರ ಅರ್ಥದ ಅಂತರವನ್ನೂ ಬರೆಯಲಿ. ಇದಕ್ಕೆ ಹಣ ಬೇಡ, ಸರಕಾರದ ಅಪ್ಪಣೆ ಬೇಡ, ಒಂದು ನೋಟುಬುಕ್ಕು ಸಾಕು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಇಂದು ಸಂಜೆ ಮನೆಗೆ ಹೋದೊಡನೆ ಅಜ್ಜಿಯನ್ನೋ ಅಜ್ಜನನ್ನೋ ಕೇಳಿರಿ: ಬಾವಿಯ ರಾಟೆ ಹೇಗೆ ಸದ್ದು ಮಾಡುತ್ತದೆ, ಹುರುಳಿ ತುಂಬಿದ ಡಬ್ಬಿ ಹೇಗೆ, ಜ್ವರ ಬಂದ ಮೈ ಹೇಗೆ ನಡುಗುತ್ತದೆ ಎಂದು. ಅವರು ಹೇಳುವ ಶಬ್ದವನ್ನು ತಿದ್ದದೆ, ಕೇಳಿದಂತೆಯೇ ಬರೆದುಕೊಳ್ಳಿರಿ. ನಿಮ್ಮ ವ್ಯಾಕರಣ ಪುಸ್ತಕದಲ್ಲಿ ಆ ಶಬ್ದ ಇಲ್ಲದಿದ್ದರೆ ಹೆದರಬೇಡಿರಿ. ಅದರ ಅಂಚಿನಲ್ಲಿ ಬರೆಯಲು ಬೇಕಾದಷ್ಟು ಜಾಗವಿದೆ.